ಶಾರ್ಟ್ ಕ್ರೀಕಿನ ಉದ್ದ ತೋಳುಗಳು

ಲಾಸ್ ವೇಗಸ್‌ನಲ್ಲಿ ಕಾರು ಬಾಡಿಗೆಗೆ ಹಿಡಿದು, ಝಯಾನ್ ಕಣಿವೆ ನೋಡಿ, ಅಲ್ಲಿಂದ ಗ್ರ್ಯಾಂಡ್ ಕ್ಯಾನಿಯನ್‌ನ ಉತ್ತರ ದಂಡೆಗೆ ಹೊರಡುವ ಕನ್ನಡದ ಕುಟುಂಬಗಳು ಈಗ ಕಡಿಮೆಯೇನಿಲ್ಲ. ಆ ದಾರಿಯಲ್ಲಿ ಯೂಟಾದ 59ನೇ ಹೆದ್ದಾರಿ ಗಡಿ ದಾಟಿ ಅರಿಝೋನಾದ 389 ಆಗುತ್ತದೆ. ಅಲ್ಲೇ ಕೆಂಪು ಬಂಡೆಗಳ ಬುಡದಲ್ಲಿ ಎರಡು ಊರು ಒಂದಕ್ಕೊಂದು ಅಂಟಿಕೊಂಡಿವೆ: ಯೂಟಾ ಕಡೆಯದು ಹಿಲ್ಡೇಲ್, ಅರಿಝೋನಾ ಕಡೆಯದು ಕೊಲರಾಡೊ ಸಿಟಿ. ಹಳಬರ ಬಾಯಲ್ಲಿ ಎರಡೂ ಸೇರಿ ಶಾರ್ಟ್ ಕ್ರೀಕ್. ಅಮೆರಿಕದಲ್ಲೇ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥದಿಂದ ಸಿಡಿದು, ಬಹುಪತ್ನಿತ್ವ ಬಿಡದೆ ಉಳಿದ ಪಂಗಡವೊಂದರ ಹಳೆಯ ನೆಲೆ ಇದು. ಅಲ್ಲಿನ ಪೆಟ್ರೋಲ್ ಬಂಕಿನಲ್ಲೋ, ಹತ್ತಿರದ ಹರಿಕೇನ್ ಊರಿನ ವಾಲ್‌ಮಾರ್ಟಿನಲ್ಲೋ ಆ ಪಂಗಡದ ಹೆಂಗಸರನ್ನು ಕಂಡವರು ಮರೆಯುವುದಿಲ್ಲ. ತಿಳಿಗುಲಾಬಿ, ತಿಳಿನೀಲಿ, ತಿಳಿನೇರಳೆ ಬಣ್ಣದ, ಕತ್ತಿನಿಂದ ಕಣಕಾಲಿನವರೆಗೆ ಮುಚ್ಚಿದ ಉಡುಪು. ಹಣೆಯ ಮೇಲೆ ಅಲೆಯಂತೆ ಎತ್ತಿ ನಿಲ್ಲಿಸಿದ ಕೂದಲು, ಬೆನ್ನ ಮೇಲೆ ಜಡೆ. ಕಾಲಲ್ಲಿ ಮಾತ್ರ ಓಟದ ಶೂ.

ನೋಡಿದವರೆಲ್ಲ ಹೇಳುವುದು ಒಂದೇ ಮಾತು, ಹತ್ತೊಂಬತ್ತನೇ ಶತಮಾನದಿಂದ ಎದ್ದು ಬಂದವರ ಹಾಗಿದ್ದಾರೆ ಅಂತ. ಪತ್ರಿಕೆಯವರು, ಸಾಕ್ಷ್ಯಚಿತ್ರದವರು, ಪ್ರವಾಸಕಥನ ಬರೆಯುವವರು ಯಾರೂ ಇದನ್ನು ಬಿಟ್ಟಿಲ್ಲ. ಈ ಮಾತು ಕೇಳಿದಾಗಲೆಲ್ಲ ಕಿರಿಕಿರಿಯಾಗುತ್ತದೆ. ಆ ಉಡುಪು ಅಷ್ಟು ಹಳೆಯದಲ್ಲ. 1953ರ ಜುಲೈ 26ರಂದು ಅರಿಝೋನಾದ ಗವರ್ನರ್ ಹೊವರ್ಡ್ ಪೈಲ್ ಇದೇ ಊರಿಗೆ ಪೊಲೀಸರನ್ನು ನುಗ್ಗಿಸಿ, ಗಂಡಸರನ್ನು ಬಂಧಿಸಿ, ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಎತ್ತಿಕೊಂಡು ಹೋದರಲ್ಲ, ಆಗ ತೆಗೆದ ಫೋಟೊಗಳಿವೆ. ಅವುಗಳಲ್ಲಿರುವ ತಾಯಂದಿರು ಹೂವಿನದೋ ಚೌಕಳಿಯದೋ ಅಚ್ಚಿದ್ದ ಫ್ರಾಕು ತೊಟ್ಟವರು. ಆ ಕಾಲದ ಯಾವುದೇ ಬಡ ಹಳ್ಳಿಯ ಹೆಂಗಸರಿಗಿಂತ ತುಸು ಹೆಚ್ಚು ಮೈಮುಚ್ಚಿಕೊಂಡಿದ್ದಾರೆ, ಅಷ್ಟೆ. ಎಲ್ಲರೂ ಒಂದೇ ಮಾದರಿಯ ಏಕಬಣ್ಣದ ಉಡುಪು ತೊಡುವ ಇವತ್ತಿನ ಶಿಸ್ತಿಗೆ ಕಾಲು ಶತಮಾನದಷ್ಟೇ ವಯಸ್ಸು. ಇದನ್ನು ಹಳೆಯದು ಅಂದುಬಿಟ್ಟರೆ ಕೇಳಬೇಕಾದ ಪ್ರಶ್ನೆಯೇ ತಪ್ಪಿಹೋಗುತ್ತದೆ. ಸಂಪ್ರದಾಯಕ್ಕೆ ಯಾರನ್ನು ಹೊಣೆ ಮಾಡುವುದು? ಆದೇಶವಾದರೆ ಅದನ್ನು ಕೊಟ್ಟವನೊಬ್ಬ ಇರುತ್ತಾನೆ.

ಒಳಗಿನಿಂದ ಹೊರಕ್ಕೆ

ಆದರೂ ಆ ಉಡುಪಿನ ಒಂದು ಭಾಗ ನಿಜವಾಗಿಯೂ ಹಳೆಯದು. ಅದು ಹೊರಗೆ ಕಾಣುವುದಲ್ಲ. ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ 1840ರ ದಶಕದಲ್ಲಿ ಇಲಿನಾಯ್‌ನ ನಾವೂ ಊರಿನಲ್ಲಿ ಆರಂಭಿಸಿದ ದೇವಾಲಯದ ವಿಧಿಗಳ ಜೊತೆಗೆ ಒಂದು ಪವಿತ್ರ ಒಳಉಡುಪೂ ಬಂತು. ಇಡೀ ಮೈಗೆ ಒಂದೇ ತುಂಡು. ಕತ್ತಿಗೆ ಕಾಲರು, ಕೈ ಮಣಿಕಟ್ಟಿನವರೆಗೆ, ಕಾಲು ಕಣಕಾಲಿನವರೆಗೆ, ಕಟ್ಟಿಕೊಳ್ಳಲು ದಾರ. 1923ರಲ್ಲಿ ಮುಖ್ಯ ಮಾರ್ಮನ್ ಚರ್ಚು ಇದನ್ನು ಮೊಣಕೈ ಮೊಣಕಾಲಿನ ಅಳತೆಗೆ ಮೊಟಕು ಮಾಡಲು, ಕಾಲರು ತೆಗೆಯಲು, ದಾರದ ಬದಲು ಗುಂಡಿ ಹಾಕಲು ಅನುಮತಿ ಕೊಟ್ಟಿತು. ಅಷ್ಟರಲ್ಲಾಗಲೇ ಅದೇ ಚರ್ಚು 1890ರ ಮತ್ತು 1904ರ ಎರಡು ಘೋಷಣೆಗಳಲ್ಲಿ ಬಹುಪತ್ನಿತ್ವವನ್ನು ಕೈಬಿಟ್ಟಿತ್ತು. ಬಿಡಲು ಒಪ್ಪದವರು ಬೇರೆಯಾಗುತ್ತಿದ್ದರು. ದೇವರು ಕೊಟ್ಟ ಬಟ್ಟೆಗೇ ಕತ್ತರಿ ಹಾಕಿದ ಮೇಲೆ ಆ ಚರ್ಚು ದಾರಿ ತಪ್ಪಿದ್ದಕ್ಕೆ ಇನ್ನೇನು ಸಾಕ್ಷಿ ಬೇಕು ಎಂಬುದು ಅವರ ವಾದ. ಅವರು ಉದ್ದನೆಯದನ್ನೇ ಉಳಿಸಿಕೊಂಡರು. ಅವರ ಒಂದು ದೊಡ್ಡ ಕವಲೇ ಶಾರ್ಟ್ ಕ್ರೀಕಿನ ಎಫ್‌ಎಲ್‌ಡಿಎಸ್, ಅಂದರೆ ಫಂಡಮೆಂಟಲಿಸ್ಟ್ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್.

ಉಡುಪಿನ ಅಳತೆ ಬಂದದ್ದು ಇಲ್ಲಿಂದ. ಒಳಗಿನದು ಹೊರಗೆ ಕಾಣಬಾರದು. ಒಳಗಿನದು ಮಣಿಕಟ್ಟಿನವರೆಗಿದ್ದರೆ ಮೇಲಿನ ತೋಳೂ ಅಷ್ಟುದ್ದ ಇರಲೇಬೇಕು. ಕತ್ತಿನ ಹತ್ತಿರ ಬಂದರೆ ಎತ್ತರದ ಕಾಲರು ಬೇಕು, ಕಣಕಾಲಿಗೆ ಇಳಿದರೆ ದಪ್ಪ ಕಾಲುಚೀಲದೊಳಗೆ ಸೇರಿಸಿ ಮೇಲೆ ಉದ್ದ ಲಂಗ ಬೀಳಬೇಕು. ಇದರಲ್ಲಿ ಗಂಡಸರಿಗೂ ವಿನಾಯಿತಿಯಿಲ್ಲ. ಅವರೂ ಅದೇ ಒಳಉಡುಪಿನವರು, ತುಂಬುತೋಳಿನ ಅಂಗಿಯ ಕೊನೆಯ ಗುಂಡಿಯವರೆಗೆ ಹಾಕಿಕೊಳ್ಳುವವರು, ಕಟ್ಟಡದ ಕೆಲಸದಲ್ಲೂ ತೋಳು ಮಡಚದವರು. ಆದರೆ ತುಂಬುತೋಳಿನ ಅಂಗಿ, ಪ್ಯಾಂಟು ತೊಟ್ಟ ಗಂಡಸು ಸೇಂಟ್ ಜಾರ್ಜ್ ಪೇಟೆಗೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ನಿಯಮ ಇಬ್ಬರಿಗೂ ಒಂದೇ. ಜನ ಬೆರಳು ಮಾಡಿ ತೋರಿಸುವುದು ಅವನ ಹೆಂಡತಿಯನ್ನು.

ಹೊಲಿಗೆಯ ಲೆಕ್ಕ

ಹೊಲಿಯಲು ಬರುವವರು ಆ ಉಡುಪನ್ನು ಹತ್ತಿರದಿಂದ ನೋಡಿದರೆ ಅದು ಸರಳವಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಎದೆಯ ಮೇಲೆ ಯೋಕ್, ಅಂದರೆ ಹೆಗಲಿನಿಂದ ಇಳಿಯುವ ಬೇರೆಯೇ ಒಂದು ತುಂಡು, ಅದರ ಕೆಳಗೆ ಸಣ್ಣ ನೆರಿಗೆ ಅಥವಾ ಸಾಲು ಸಾಲು ಪಿನ್‌ಟಕ್, ಅಂದರೆ ಹೊಲಿದು ಕೂರಿಸಿದ ಕಿರಿದಾದ ಮಡಿಕೆ. ಹೆಗಲಲ್ಲಿ ಉಬ್ಬಿದ ತೋಳು, ಮಣಿಕಟ್ಟಿನಲ್ಲಿ ಪಟ್ಟಿ. ಕಾಲರಿಗೆ ಒಳಗೆ ಕ್ಯಾನ್ವಾಸ್ ಕೊಡದಿದ್ದರೆ ಅದು ನಿಲ್ಲುವುದಿಲ್ಲ. ಗಟ್ಟಿ ಕ್ಯಾನ್ವಾಸ್ ಕೊಟ್ಟರೆ ಬೆವರಿಗೆ ಕತ್ತು ಉಜ್ಜಿ ಕೆಂಪಾಗುತ್ತದೆ. ಸೊಂಟಕ್ಕೆ ಒಂದು ಜೋಡಣೆ, ಕೆಳಗೆ ನೆರಿಗೆಯ ಲಂಗ. ತೆರೆಯುವುದು ಮುಂದಕ್ಕೆ, ಜಿಪ್ಪೋ ಗುಂಡಿಸಾಲೋ ಮಡಿಕೆಯೊಳಗೆ ಅಡಗಿರುತ್ತದೆ. ಹತ್ತು, ಹನ್ನೆರಡು ಹೆರಿಗೆ ಮಾಮೂಲಾದ ಕಡೆ ಹೆಂಗಸಿನ ವಯಸ್ಸಿನ ದೊಡ್ಡ ಪಾಲು ಹಾಲೂಡಿಸುವುದರಲ್ಲೇ ಕಳೆಯುತ್ತದೆ, ಬೆನ್ನಿಗೆ ಜಿಪ್ಪು ಇಟ್ಟರೆ ಕೆಲಸಕ್ಕೆ ಬಾರದು. 44 ಇಂಚು ಪನ್ನದ ಬಟ್ಟೆಯಾದರೆ ಎತ್ತರದ ಹೆಂಗಸಿನ ಒಂದು ಉಡುಪಿಗೆ ಸುಮಾರು 5 ಮೀಟರ್ ಬೇಕು, ಉಬ್ಬುತೋಳು ಮತ್ತು ಲಂಗದ ಅಗಲವೇ ಅದರಲ್ಲಿ ಬಹುಪಾಲನ್ನು ತಿನ್ನುತ್ತವೆ.

ಮರುಭೂಮಿಯಲ್ಲಿ ಬೇಸಿಗೆ 35 ಡಿಗ್ರಿ ದಾಟಿದರೂ ಹೆಚ್ಚಾಗಿ ಬಳಸುವುದು ಪಾಲಿಯೆಸ್ಟರ್ ಅಥವಾ ಪಾಲಿಯೆಸ್ಟರ್ ಬೆರೆತ ಬಟ್ಟೆ. ಕೇಳಿದರೆ ಹುಚ್ಚು ಅನ್ನಿಸಬಹುದು. ಮೂವರು ತಾಯಂದಿರು, ಇಪ್ಪತ್ತೈದು ಮಕ್ಕಳು ಇರುವ ಮನೆಯ ಒಗೆಯುವ ರಾಶಿಯನ್ನು ನೆನೆಸಿಕೊಂಡರೆ ಕಾರಣ ತಿಳಿಯುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ಬಣ್ಣ ಬಿಡುವುದಿಲ್ಲ, ಅಕ್ಕನದು ತಂಗಿಗೆ, ತಂಗಿಯದು ಅವಳ ತಂಗಿಗೆ ಇಳಿಯುವಷ್ಟು ಬಾಳುತ್ತದೆ. ತೊಂದರೆ ಬೇರೆ ಕಡೆ. ಮೇಲಿನದರಲ್ಲಿ ಗಾಳಿಯಾಡದೆ ಒಳಗಿನ ಉದ್ದ ಉಡುಪು ಬೆವರಿನಲ್ಲಿ ತೊಯ್ದು ಮೈಗೆ ಹತ್ತಿಕೊಳ್ಳುತ್ತದೆ. ಚಳಿಗಾಲದ ಒಣ ಹವೆಯಲ್ಲಿ ಇನ್ನೊಂದು ಪೀಡೆ, ಸ್ಥಾಯಿ ವಿದ್ಯುತ್ತು. ನಾಲ್ಕು ಹೆಜ್ಜೆ ನಡೆದರೆ ಸಾಕು, ಲಂಗ ಕಾಲಿಗೆ ಅಂಟಿಕೊಂಡು ಆಕಾರವನ್ನೆಲ್ಲ ತೋರಿಸುತ್ತದೆ. ಮುಚ್ಚಲೆಂದೇ ಹೊಲಿದದ್ದು ಹೀಗೆ ಮಾಡಿದರೆ ಏನು ಮಾಡುವುದು? ಹತ್ತಿಯ ಒಳಲಂಗ ಹಾಕಬೇಕು, ಇಲ್ಲವೇ ಬಟ್ಟೆ ಮೆದುವಾಗಿಸುವ ದ್ರವ ಹಾಕಿ ಒಗೆಯಬೇಕು.

ಅಳತೆ ತಪ್ಪುವುದು ಹೆಚ್ಚಾಗಿ ಕಂಕುಳಲ್ಲಿ. ಹೆಗಲ ಮೇಲೆ ಉಬ್ಬು ಎಷ್ಟೇ ಧಾರಾಳವಾಗಿರಲಿ, ತೋಳಿನ ಕುಣಿ ಬಿಗಿಯಾದರೆ ಮೇಲಿನ ಕಪಾಟಿಗೆ ಕೈ ಹೋಗುವುದಿಲ್ಲ, ಮಗುವನ್ನು ಎತ್ತುವಾಗ ಹೊಲಿಗೆ ಬಿಡುತ್ತದೆ. ಲಂಗದ ಸುತ್ತಳತೆಗೂ ಹೀಗೇ. ಕಡಿಮೆಯಾದರೆ ಓಡಲಾಗದು, ಹೆಚ್ಚಾದರೆ ಸೈಕಲ್ಲಿನ ಚೈನಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿನ ಹುಡುಗಿಯರು ಇದೇ ಉಡುಪಿನಲ್ಲಿ ಕುದುರೆ ಹತ್ತುತ್ತಾರೆ, ಟ್ರ್ಯಾಂಪೊಲಿನ್ ಮೇಲೆ ಕುಣಿಯುತ್ತಾರೆ, ಒಳಗೆ ಪ್ಯಾಂಟಿನಂಥದ್ದು ಇದ್ದೇ ಇರುತ್ತದೆ. ಬೆಳೆಯುವ ಹುಡುಗಿಯ ಲಂಗಕ್ಕೆ ಅಂಚಿನ ಮೇಲೆ ಎರಡು ಮೂರು ಅಡ್ಡ ಟಕ್ ಹಾಕಿಟ್ಟರೆ ವರ್ಷಕ್ಕೊಂದು ಬಿಚ್ಚಬಹುದು. ನೋಡುವವರಿಗೆ ಅಲಂಕಾರ, ಹೊಲಿದವಳಿಗೆ ಉಳಿತಾಯ.

ಬಣ್ಣ, ಅಚ್ಚು, ಕುಸುರಿಯ ಲೇಸು ಎಲ್ಲಕ್ಕೂ ಕಡಿವಾಣ ಬಿದ್ದ ಮೇಲೆ ರುಚಿಗೆ ಉಳಿದ ಜಾಗ ಆ ಯೋಕ್ ಒಂದೇ. ಒಬ್ಬಳ ಪಿನ್‌ಟಕ್ ಓರೆಯಾಗಿ ಬಂದು ನಡುವೆ ಕೂಡುತ್ತದೆ, ಇನ್ನೊಬ್ಬಳದು ನೇರ ಇಳಿಯುತ್ತದೆ, ಮತ್ತೊಬ್ಬಳು ಅದೇ ಬಣ್ಣದ ದಾರದಲ್ಲಿ ಕಂಡೂ ಕಾಣದ ಕಸೂತಿ ಹಾಕಿರುತ್ತಾಳೆ. ಹೊರಗಿನವರಿಗೆ ಎಲ್ಲರೂ ಒಂದೇ ತರಹ. ಒಳಗಿನವರು ಯೋಕ್ ನೋಡಿ ಹೊಲಿದವಳು ಯಾರೆಂದು ಹೇಳಬಲ್ಲರು.

ಕೂದಲಿಗೆ ಕತ್ತರಿ ತಾಗಿಸುವುದಿಲ್ಲ. ಏಸುವಿನ ಪಾದವನ್ನು ಹೆಂಗಸೊಬ್ಬಳು ಕಣ್ಣೀರಿನಿಂದ ತೊಳೆದು ಕೂದಲಿನಿಂದ ಒರೆಸಿದ ಪ್ರಸಂಗ ಲೂಕನ ಸುವಾರ್ತೆಯಲ್ಲಿದೆ. ಸ್ವರ್ಗದಲ್ಲಿ ಗಂಡನ ಪಾದ ತೊಳೆಯಲು ಉದ್ದ ಕೂದಲು ಬೇಕು ಎಂಬ ನಂಬಿಕೆಯನ್ನು ಇದರ ಜೊತೆ ಹೆಣೆದಿದ್ದಾರೆ. ಮುಂದಿನ ಅಲೆಗೆ ಕೂದಲನ್ನು ಒದ್ದೆ ಮಾಡಿ ಹಿಂದಕ್ಕೆ ಬಾಚಿ, ಬೆರಳಿನಿಂದ ಮುಂದಕ್ಕೆ ತಳ್ಳಿ ಎತ್ತರಿಸಿ, ಜೆಲ್ಲು ಅಥವಾ ಸ್ಪ್ರೇಯಿಂದ ಗಟ್ಟಿ ಮಾಡಿ, ಉಳಿದದ್ದನ್ನು ಜಡೆ ಹೆಣೆಯುತ್ತಾರೆ. ಮೇಕಪ್ ಪಾಪ, ಹೇರ್‌ಸ್ಪ್ರೇ ಪರವಾಗಿಲ್ಲ. ನಿಷೇಧಗಳ ಪಟ್ಟಿಯಲ್ಲಿ ಇಂಥ ಬಿಲಗಳು ಎಲ್ಲ ಧರ್ಮದಲ್ಲೂ ಇರುತ್ತವೆ.

ಒಬ್ಬನೇ ಯಜಮಾನ

ಹಾಗಿದ್ದರೆ ಇದು ಬಹುಪತ್ನಿತ್ವದ ಉಡುಪೇ? ಅಲ್ಲ. ಶಾರ್ಟ್ ಕ್ರೀಕಿನ ಪಕ್ಕದಲ್ಲೇ, ಐದಾರು ನಿಮಿಷ ಕಾರು ಓಡಿಸಿದರೆ ಸಿಗುವ ಸೆಂಟೆನಿಯಲ್ ಪಾರ್ಕ್ ಎಂಬ ಊರಿದೆ. ಅವರೂ ಬಹುಪತ್ನಿತ್ವದವರೇ, ಒಂದೇ ಅಜ್ಜ ಮುತ್ತಜ್ಜಂದಿರವರು. ಅಲ್ಲಿನ ಹೆಂಗಸರದೂ ಉದ್ದ ತೋಳು, ಉದ್ದ ಲಂಗವೇ, ಆದರೆ ಅಂಗಡಿಯಲ್ಲಿ ಸಿಗುವ ಬ್ಲೌಸು, ಅಚ್ಚಿನ ಬಟ್ಟೆ, ತಮಗೆ ಬೇಕಾದ ಬಣ್ಣ. ಯೂಟಾದಲ್ಲೇ ಇರುವ ಅಪೊಸ್ಟೊಲಿಕ್ ಯುನೈಟೆಡ್ ಬ್ರದರನ್ ಪಂಗಡದವರೂ ಸಾಲ್ಟ್ ಲೇಕ್ ಸುತ್ತಮುತ್ತಲ ಕಿಂಗ್‌ಸ್ಟನ್ ಪಂಗಡದವರೂ ಬೀದಿಯಲ್ಲಿ ನಡೆದರೆ ಗುರುತೇ ಸಿಗುವುದಿಲ್ಲ. ಕಿಂಗ್‌ಸ್ಟನ್‌ನವರ ಮೇಲೆ ಬಾಲ್ಯವಿವಾಹದ, ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಮಾಡುವ ಗಂಭೀರ ಆರೋಪಗಳು ಬಂದು ಕೋರ್ಟು ಹತ್ತಿವೆ. ಜೀನ್ಸು ತೊಟ್ಟ ಹುಡುಗಿ ಸ್ವತಂತ್ರಳು, ಉದ್ದ ಉಡುಪಿನವಳು ಗುಲಾಮಳು ಎಂದು ಹೊರಗಿನವರು ಮಾಡುವ ಲೆಕ್ಕ ಇಲ್ಲಿಗೇ ಕೆಡುತ್ತದೆ.

ಸೆಂಟೆನಿಯಲ್ ಪಾರ್ಕಿನವರು ಬೇರೆಯಾದದ್ದು 1980ರ ದಶಕದ ಮಧ್ಯದಲ್ಲಿ. ಜಗಳವಾದದ್ದು ಬಟ್ಟೆಯ ಬಗ್ಗೆ ಅಲ್ಲ, ಪಂಗಡವನ್ನು ಹಿರಿಯರ ಮಂಡಳಿ ನಡೆಸಬೇಕೋ ಒಬ್ಬನೇ ಪ್ರವಾದಿಯೋ ಎಂಬ ಬಗ್ಗೆ. ಒಬ್ಬನೇ ಎಂದವರು ಶಾರ್ಟ್ ಕ್ರೀಕಿನಲ್ಲಿ ಉಳಿದರು. 1986ರಲ್ಲಿ ರುಲಾನ್ ಜೆಫ್ಸ್ ಆ ಒಬ್ಬನಾದ. ಅವನ ಆರೋಗ್ಯ ಕೆಟ್ಟ ಮೇಲೆ ಮಗ ವಾರೆನ್ ಜೆಫ್ಸ್ ತಂದೆಯ ಹೆಸರಿನಲ್ಲಿ ಅಪ್ಪಣೆ ಕೊಡತೊಡಗಿದ. 2000ದಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆ ಬಿಡಿಸಲಾಯಿತು. ಅದೇ ಆಸುಪಾಸಿನಲ್ಲಿ ಹೂವು, ಪಟ್ಟೆ, ಚೌಕಳಿಯ ಅಚ್ಚುಗಳು ಹೋದವು, ಕೆಂಪು ಹೋಯಿತು. ಅಚ್ಚಿನ ಬಟ್ಟೆಯನ್ನೆಲ್ಲ ಎಸೆದು ಇಡೀ ಮನೆಮಂದಿಗೆ ಹೊಸದಾಗಿ ಹೊಲಿಯಬೇಕೆಂದರೆ ಮೇಲೆ ಹೇಳಿದ ಮೀಟರುಗಳನ್ನು ಮನೆಯ ಹೆಂಗಸರ, ಹುಡುಗಿಯರ ಸಂಖ್ಯೆಯಿಂದ ಗುಣಿಸಿ ನೋಡಿ. ದುಡ್ಡು ಯಾರದೋ, ರಾತ್ರಿ ನಿದ್ದೆಗೆಟ್ಟು ಮಿಷನ್ನು ತುಳಿದವರು ಯಾರೋ. 2002ರಲ್ಲಿ ತಂದೆ ಸತ್ತ, ವಾರೆನ್ ಪ್ರವಾದಿಯಾಗಿ ತಂದೆಯ ವಿಧವೆಯರಲ್ಲಿ ಹಲವರನ್ನು ತಾನೇ ಮದುವೆಯಾದ. 2004ರ ಜನವರಿಯಲ್ಲಿ ಒಂದೇ ದಿನ ಸುಮಾರು 20 ಗಂಡಸರನ್ನು ಹೊರಹಾಕಿ, ಅವರ ಹೆಂಡಿರು ಮಕ್ಕಳನ್ನು ಬೇರೆ ಗಂಡಸರಿಗೆ ಹಂಚಿದ. ಹೊರಬಿದ್ದವರಲ್ಲಿ ಊರಿನ ಮೇಯರ್ ಕೂಡ ಇದ್ದ.

ಕೆಂಪು ಬಣ್ಣಕ್ಕೆ ಶಾಸ್ತ್ರಾಧಾರವಿದೆ. ಏಸು ಮರಳಿ ಬರುವಾಗ ಕೆಂಪು ವಸ್ತ್ರ ಧರಿಸಿರುತ್ತಾನೆಂದು ಮಾರ್ಮನ್ನರ ಪವಿತ್ರ ಗ್ರಂಥಗಳಲ್ಲಿ ಒಂದಾದ ‘ಡಾಕ್ಟ್ರಿನ್ ಅಂಡ್ ಕವೆನೆಂಟ್ಸ್’ನಲ್ಲಿದೆ, ಆದ್ದರಿಂದ ಅದು ಅವನಿಗೇ ಮೀಸಲು. 2006ರ ಆಗಸ್ಟ್‌ನಲ್ಲಿ ಎಫ್‌ಬಿಐನ ಹತ್ತು ಪ್ರಮುಖ ಪಲಾಯಿತರ ಪಟ್ಟಿಯಲ್ಲಿದ್ದ ವಾರೆನ್ ಸಿಕ್ಕಿಬಿದ್ದದ್ದು ಲಾಸ್ ವೇಗಸ್ ಹತ್ತಿರ, ಕೆಂಪು ಕ್ಯಾಡಿಲಾಕ್ ಕಾರಿನಲ್ಲಿ. ಪತ್ರಿಕೆಗಳು ಇದನ್ನು ಚಪ್ಪರಿಸಿ ಬರೆದವು. ನಿಯಮ ಮಾಡುವವನಿಗೆ ನಿಯಮ ತಾಗುವುದಿಲ್ಲ ಎಂಬುದರಲ್ಲಿ ಹೊಸದೇನಿದೆ? ಮದುವೆ ಯಾರಿಗೆ ಯಾರ ಜೊತೆ ಎಂಬುದನ್ನೂ ಅದೇ ಮನುಷ್ಯ ತೀರ್ಮಾನಿಸುತ್ತಿದ್ದ ಎನ್ನುವುದು ಇದಕ್ಕಿಂತ ದೊಡ್ಡ ಸಂಗತಿ. ವಿಷಯ ಹುಡುಗಿಯ ಕಿವಿಗೆ ಬೀಳುವುದಕ್ಕೂ ಮದುವೆ ಮುಗಿಯುವುದಕ್ಕೂ ನಡುವೆ ಕೆಲವೊಮ್ಮೆ ಒಂದೆರಡು ದಿನದ ಅಂತರವೂ ಇರುತ್ತಿರಲಿಲ್ಲ. ಅವನ ಕೃಪೆ ತಪ್ಪಿದರೆ ಗಂಡನಿಗೆ ಹೆಂಡತಿಯೂ ಇಲ್ಲ, ಹೆಂಡತಿಗೆ ಮಕ್ಕಳೂ ಇಲ್ಲ. ತಪ್ಪಿಲ್ಲದವಳೆಂದು ದಿನಾ ತೋರಿಸಿಕೊಳ್ಳಬೇಕಾದ ಊರಿನಲ್ಲಿ ದೂರದಿಂದಲೇ ಪರೀಕ್ಷೆ ಮಾಡಬಹುದಾದದ್ದು ಬಟ್ಟೆ ಮತ್ತು ಮುಖ. ಮುಖದಲ್ಲಿ ಸಿಟ್ಟು, ಮತ್ಸರ, ಅಳು ಕಾಣಬಾರದು, ಬಟ್ಟೆಯಲ್ಲಿ ಹೊಸದೇನೂ ಕಾಣಬಾರದು. ಪರೀಕ್ಷಿಸುವವರು ಗಂಡಸರೇ ಆಗಬೇಕಿಲ್ಲ, ಅದೇ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುವ ಸವತಿ ಸಾಕು.

ಟೆಕ್ಸಸ್, 2008

ಜಗತ್ತು ಈ ಉಡುಪನ್ನು ಮೊದಲ ಬಾರಿಗೆ ಗುಂಪಾಗಿ ನೋಡಿದ್ದು 2008ರ ಏಪ್ರಿಲ್‌ನಲ್ಲಿ. ಟೆಕ್ಸಸ್‌ನ ಎಲ್‌ಡೊರಾಡೊ ಊರಿನ ಬಳಿ ಪಂಗಡ ಕಟ್ಟಿಕೊಂಡಿದ್ದ 1,700 ಎಕರೆಯ ರ‍್ಯಾಂಚಿಗೆ ಪೊಲೀಸರು ನುಗ್ಗಿದರು. ನಾನೂರಕ್ಕೂ ಹೆಚ್ಚು ಮಕ್ಕಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಟಿವಿಯಲ್ಲಿ ಸಾಲಾಗಿ ಬಸ್ಸು ಹತ್ತುವ ತಿಳಿಬಣ್ಣದ ಹೆಂಗಸರು, ಕಂಕುಳಲ್ಲಿ ಮಕ್ಕಳು. ದಾಳಿಗೆ ಕಾರಣವಾದ ದೂರವಾಣಿ ಕರೆ ಸುಳ್ಳೆಂದು ಆಮೇಲೆ ತಿಳಿಯಿತು.

ಅಧಿಕಾರಿಗಳ ಮುಂದಿದ್ದ ಪಾಡನ್ನು ಕಲ್ಪಿಸಿಕೊಳ್ಳಿ. ಯಾವ ಮಗು ಯಾರದು? ಒಂದೇ ಉಡುಪು, ಒಂದೇ ಜಡೆ, ಕೆಲವೇ ಅಡ್ಡಹೆಸರುಗಳು, ಮಗುವಿಗೆ ಮನೆತುಂಬ ತಾಯಂದಿರು. ಕೊನೆಗೆ ನ್ಯಾಯಾಧೀಶೆ ಎಲ್ಲರ ಡಿಎನ್‌ಎ ಪರೀಕ್ಷೆಗೆ ಆದೇಶಿಸಿದರು. ಗರ್ಭಿಣಿಯರೋ ತಾಯಂದಿರೋ ಆದ 31 ಮಂದಿ ಅಪ್ರಾಪ್ತ ಹುಡುಗಿಯರಿದ್ದಾರೆಂದು ರಾಜ್ಯ ಮೊದಲು ಹೇಳಿತ್ತು. ಪರಿಶೀಲಿಸುತ್ತ ಹೋದಂತೆ ಅವರಲ್ಲಿ ಬಹಳಷ್ಟು ಮಂದಿ ವಯಸ್ಕರೆಂದು ಒಪ್ಪಿಕೊಳ್ಳಬೇಕಾಯಿತು, ಒಬ್ಬಳಿಗಂತೂ 27 ವರ್ಷ. ಆ ಉಡುಪಿನಲ್ಲಿ ಹದಿನಾಲ್ಕಕ್ಕೂ ಇಪ್ಪತ್ತೇಳಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಮಕ್ಕಳನ್ನು ಹಿಂದಿರುಗಿಸಲು ಮೇ ತಿಂಗಳಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ದಾರಿ ಮಾಡಿತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಬಾಲ್ಯದಲ್ಲೇ ಮದುವೆಯಾದ 12 ಹುಡುಗಿಯರ ಪ್ರಕರಣಗಳನ್ನು ರಾಜ್ಯದ ಇಲಾಖೆ ಅದೇ ವರ್ಷ ದೃಢಪಡಿಸಿತು. ರ‍್ಯಾಂಚಿನಲ್ಲಿ ಸಿಕ್ಕ ದಾಖಲೆಗಳೇ ವಾರೆನ್ ಜೆಫ್ಸ್ ವಿರುದ್ಧ ಸಾಕ್ಷಿಯಾದವು. 2011ರಲ್ಲಿ ಅವನಿಗೆ ಜೀವಾವಧಿ ಮತ್ತು ಅದರ ಮೇಲೆ 20 ವರ್ಷ ಶಿಕ್ಷೆಯಾಯಿತು. ಹುಡುಗಿಯನ್ನು ಹೆಂಗಸಿನಂತೆಯೂ ಹೆಂಗಸನ್ನು ಹುಡುಗಿಯಂತೆಯೂ ತೋರಿಸುವ ಉಡುಪು ಸರ್ಕಾರದ ಎಣಿಕೆಯನ್ನು ಕೆಡಿಸಿದ್ದು ಹೌದು, ಅದೇ ಉಡುಪು ಅಷ್ಟು ವರ್ಷ ಆ ಹನ್ನೆರಡು ಮಂದಿಯನ್ನು ಗುಂಪಿನೊಳಗೆ ಅಡಗಿಸಿದ್ದೂ ಹೌದು.

ಆ ತಿಂಗಳುಗಳಲ್ಲೇ ಪಂಗಡದ ಹೆಂಗಸರು ಸರ್ಕಾರದ ವಶದಲ್ಲಿದ್ದ ತಮ್ಮ ಮಕ್ಕಳಿಗೆ ತಮ್ಮ ರೀತಿಯ ಬಟ್ಟೆಯೇ ಸಿಗಲೆಂದು ಹೊಲಿಗೆಗೆ ಕೂತರು, ಆಮೇಲೆ ಅದನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಮಾರಾಟಕ್ಕಿಟ್ಟರು. ಇಂಟರ್ನೆಟ್ಟು ನಿಷಿದ್ಧವಾದ ಪಂಗಡ ಅಂಗಡಿ ತೆರೆದದ್ದು ಅಲ್ಲೇ. ವಕೀಲರ ಖರ್ಚು ಬೆಟ್ಟದಷ್ಟು ಬೆಳೆದಾಗ ಹೆಂಗಸರ ಕೈಯಲ್ಲಿದ್ದ, ಪೇಟೆಯಲ್ಲಿ ಬೆಲೆಯಿರುವ ಒಂದೇ ಕಸುಬು ನೆನಪಾಯಿತು.

ಮನೆ ಯಾರದು

ಶಾರ್ಟ್ ಕ್ರೀಕಿನ ಮನೆಗಳು ದೊಡ್ಡವು, ಹತ್ತು ಹದಿನೈದು ಕೋಣೆಯವು. ಹಲವಕ್ಕೆ ಹೊರಗೋಡೆಯ ಕೆಲಸ ಅರ್ಧಕ್ಕೇ ನಿಂತಿರುತ್ತದೆ, ಮುಗಿಯದ ಮನೆಗೆ ತೆರಿಗೆ ಕಮ್ಮಿ ಎಂಬುದು ಎಲ್ಲರೂ ಕೊಡುವ ಕಾರಣ. ಕಟ್ಟಿದವನು ಅದರ ಮಾಲೀಕನಲ್ಲ. 1942ರಲ್ಲಿ ಸ್ಥಾಪಿಸಿದ ಯುನೈಟೆಡ್ ಎಫರ್ಟ್ ಪ್ಲಾನ್ ಎಂಬ ಟ್ರಸ್ಟಿಗೆ ಜಮೀನು, ಮನೆ ಎಲ್ಲ ಸೇರಿತ್ತು, ಟ್ರಸ್ಟು ಪ್ರವಾದಿಯ ಕೈಯಲ್ಲಿತ್ತು. ಒಬ್ಬ ಹೆಂಗಸು ಉಡುಪು ಕಳಚಿ ಜೀನ್ಸು ಹಾಕಿಕೊಂಡರೆ ಅವಳು ಕಳೆದುಕೊಳ್ಳುವುದು ಮನೆ. ಕಾನೂನಿನ ಪ್ರಕಾರ ಮೊದಲನೆಯವಳು ಮಾತ್ರ ಹೆಂಡತಿ. ಎರಡನೆಯವಳಿಂದ ಮುಂದಕ್ಕೆ ಎಲ್ಲರೂ ಸರ್ಕಾರದ ಕಾಗದದಲ್ಲಿ ಮದುವೆಯಾಗದ ತಾಯಂದಿರು, ಜೀವನಾಂಶ ಕೇಳಲು ಮದುವೆಯ ದಾಖಲೆಯೇ ಇಲ್ಲ. ಶಾಲೆ ಬಿಡಿಸಿದ್ದರಿಂದ ಪ್ರಮಾಣಪತ್ರವಿಲ್ಲ. ಹೊರಟವರು ಮೊದಲು ಹುಡುಕಿದ್ದು ಮಕ್ಕಳ ಜನನಪತ್ರ, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಡ್ರೈವಿಂಗ್ ಲೈಸೆನ್ಸು. ಅವರನ್ನು ಭೇಟಿಯಾದ ಪತ್ರಕರ್ತರು ಮಾತ್ರ ಮೊದಲು ಕೇಳುವುದು, ಪ್ಯಾಂಟು ಯಾವಾಗ ಹಾಕಿದಿರಿ, ಕೂದಲು ಯಾವಾಗ ಕತ್ತರಿಸಿದಿರಿ ಅಂತ.

2005ರಲ್ಲಿ ಯೂಟಾದ ನ್ಯಾಯಾಲಯ ಟ್ರಸ್ಟನ್ನು ಪ್ರವಾದಿಯ ಕೈಯಿಂದ ತೆಗೆದುಕೊಂಡಿತು. ಮನೆಯಲ್ಲಿ ಇರಬೇಕೆಂದರೆ ಒಂದು ಒಪ್ಪಂದಕ್ಕೆ ಸಹಿ ಹಾಕಿ, ತಿಂಗಳಿಗೆ 100 ಡಾಲರ್ ಕಟ್ಟಬೇಕು ಎಂಬುದು ಹೊಸ ವ್ಯವಸ್ಥೆ. ನಂಬಿಕಸ್ಥರು ಸಹಿ ಹಾಕಲಿಲ್ಲ, ಪ್ರವಾದಿಯದಲ್ಲದ ಟ್ರಸ್ಟನ್ನು ಅವರು ಒಪ್ಪುವ ಹಾಗಿರಲಿಲ್ಲ. ಹಾಗಾಗಿ ವರ್ಷಗಳ ಕೋರ್ಟು ಕಚೇರಿಯ ನಂತರ ಮನೆ ಖಾಲಿ ಮಾಡಿಸುವ ನೋಟಿಸುಗಳು ಬಂದವು. ಹಿಂದೆ ಹೊರಹಾಕಿಸಿಕೊಂಡವರು, ಓಡಿಹೋದವರು ಅರ್ಜಿ ಹಾಕಿ ಅವೇ ಮನೆಗಳಿಗೆ ಮರಳಿದರು. 2017ರ ನವೆಂಬರಿನಲ್ಲಿ ಹಿಲ್ಡೇಲ್ ಊರು ಡೋನಿಯಾ ಜೆಸಪ್ ಎಂಬಾಕೆಯನ್ನು ಮೇಯರ್ ಮಾಡಿತು. ಪಂಗಡ ಬಿಟ್ಟವರು, ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು.

ಈಗ ಶಾರ್ಟ್ ಕ್ರೀಕಿನಲ್ಲಿ ಕಾಫಿ ಅಂಗಡಿಯಿದೆ, ಬಿಯರು ಸಿಗುತ್ತದೆ, ತಿಳಿಬಣ್ಣದ ಉಡುಪುಗಳು ಅಪರೂಪ. ಪ್ರವಾಸಿಗರು ಇದನ್ನು ನೋಡಿ ಅಲ್ಲಿನ ಹೆಂಗಸರು ಕೊನೆಗೂ ಬಿಡುಗಡೆಯಾದರು ಎಂದು ಬರೆಯುತ್ತಾರೆ. ಕೆಲವರು ಆಗಿದ್ದಾರೆ. ಉಳಿದ ಹಲವರು ಉಡುಪು ಬದಲಿಸಿಲ್ಲ, ಊರು ಬದಲಿಸಿದ್ದಾರೆ. ಸಹಿ ಹಾಕದ ಗಂಡಸರ ಹಿಂದೆ ಟ್ರೇಲರುಗಳಲ್ಲಿ, ಬಾಡಿಗೆ ಮನೆಗಳಲ್ಲಿ, ಬೇರೆ ರಾಜ್ಯಗಳಲ್ಲಿ ಚದುರಿಹೋಗಿದ್ದಾರೆ. ಖಾಲಿ ಮಾಡಿದ ಮನೆಯ ಒಪ್ಪಂದಕ್ಕೆ ಸಹಿ ಹಾಕಬೇಕೋ ಬೇಡವೋ ಎಂದು ಅವರನ್ನು ಗಂಡನೂ ಕೇಳಿರಲಿಲ್ಲ, ಪ್ರವಾದಿಯೂ ಕೇಳಿರಲಿಲ್ಲ.